ಎರಡರ ಮೇಲಿನ ಗೆರೆ

ಕೈವಾರ ಮೇಷ್ಟ್ರು ಕಪಾಟಿನ ಮೂರನೇ ಹಲಗೆಯಲ್ಲಿ, ಪುಸ್ತಕಗಳ ಹಿಂದೆ, ಮೊಣಕೈವರೆಗೆ ಕೈ ತೂರಿಸಿ ತಡಕುತ್ತಿದ್ದರು. ಬೆರಳಿಗೆ ಸಿಕ್ಕಿದ್ದು ಸೀಮೆಸುಣ್ಣದ ತುಂಡುಗಳ ಡಬ್ಬಿ, ಸವೆದ ಡಸ್ಟರ್ ಒಂದು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ ಪೆನ್ಸಿಲ್‌ಗಳು. ಕಂದು ರಟ್ಟಿನ ಲಾಗ್ ಪುಸ್ತಕ, ಗಣಿತದ ಲಾಗರಿದಮ್ ಕೋಷ್ಟಕಗಳದ್ದು, ಮಾತ್ರ ಇರಲಿಲ್ಲ. ಗೋಡೆಯಾಚೆ ಮುಂದಿನ ಕೋಣೆಯಲ್ಲಿ ಆ ಪುಸ್ತಕದ ಒಡತಿ ಬಿಳಿ ಹೊದಿಕೆ ಹೊದ್ದು ಮಲಗಿದ್ದರು. ಮುಂಜಾನೆ ನಿದ್ದೆಯಲ್ಲೇ ಉಸಿರು ನಿಂತಿತ್ತು. ಸುತ್ತಲೂ ಜನ ಮೆಲ್ಲಗೆ ಮಾತಾಡುವುದು, ಮೂಗೊರೆಸಿಕೊಳ್ಳುವುದು ಇಲ್ಲಿಗೆ ಕೇಳಿಸುತ್ತಿತ್ತು.

ಸಾವಿನ ಮನೆಗೆ ಬಂದವರು ಕಪಾಟು ಜಾಲಾಡಬಾರದು ಎಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಬೆವರುತ್ತಾ ನಾಲ್ಕನೇ ಹಲಗೆಗೆ ಕೈ ಹಾಕಿದರು.

"ಏನು ಹುಡುಕ್ತಿದ್ದೀರ ಸರ್?"

ಹಾವು ತುಳಿದವರಂತೆ ಮೇಷ್ಟ್ರು ಹಿಂದಕ್ಕೆ ಹಾರಿದರು. ಬಾಗಿಲಲ್ಲಿ ಸತ್ತವರ ಮಗಳು ನಿಂತಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು ಆಕೆ. ಯಾವುದನ್ನೇ ಆಗಲಿ ಕಣ್ಣು ಕಿರಿದಾಗಿಸಿ ದಿಟ್ಟಿಸುವುದು ಅವಳಿಗೆ ಅಭ್ಯಾಸವಾಗಿತ್ತು.

"ಏನಿಲ್ಲಮ್ಮಾ. ನಾಳೆ ಪಾಠಕ್ಕೆ... ಟೀಚರ್ ಹತ್ರ ಒಂದು ಲಾಗ್ ಪುಸ್ತಕ ಇತ್ತಲ್ಲಾ, ಕಂದು ರಟ್ಟಿಂದು."

"ಅದು ಅಮ್ಮನ ಕೈಲೇ ಇದೆ ಸರ್. ಅಪ್ಪ ಇಟ್ಟಿದ್ದಾರೆ. ಅದೂ ಜೊತೆಗೇ ಹೋಗ್ಲಿ ಅಂದ್ರು."

"ಜೊತೆಗೆ ಅಂದ್ರೆ?"

"ಅಮ್ಮನ ಜೊತೆಗೆ. ಬೆಂಕಿಗೆ."

ಮೇಷ್ಟ್ರಿಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಹದಿನಾಲ್ಕು ವರ್ಷ ಎದೆಯ ಮೇಲೆ ಕುಳಿತ ಕಲ್ಲು ಇನ್ನೆರಡು ಗಂಟೆಯಲ್ಲಿ ಬೂದಿಯಾಗುತ್ತದೆ ಎಂದು ಅವರ ಮನಸ್ಸು ಕುಣಿಯಿತು. ಮರುಗಳಿಗೆಯಲ್ಲೇ ಇನ್ನೊಂದು ಯೋಚನೆ ಬಂತು. ಆ ಎರಡು ಗಂಟೆಯಲ್ಲಿ ಯಾರಾದರೂ ಸುಮ್ಮನೆ ಪುಸ್ತಕ ಬಿಡಿಸಿ ನೋಡಿದರೆ?

ಅವರು ಮುಂದಿನ ಕೋಣೆಗೆ ಹೋಗಿ ಗೋಡೆಗೆ ಒರಗಿ ನಿಂತರು. ಹೊದಿಕೆಯ ಮೇಲೆ ಎರಡು ಕೈಗಳ ನಡುವೆ ಕಂದು ರಟ್ಟು ಕಾಣುತ್ತಿತ್ತು. ತಲೆಯ ಹತ್ತಿರ ಸ್ಟೂಲಿನ ಮೇಲೆ ಗಂಡ ಕುಳಿತಿದ್ದರು. ಗಡಿಯಾರ ರಿಪೇರಿಯವರು, ಈಗಲೂ ಯಾವುದೋ ಸಣ್ಣ ಸ್ಕ್ರೂ ಹುಡುಕುವವರ ಹಾಗೆ ಬಗ್ಗಿ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ಪುಸ್ತಕದ ಹತ್ತಿರಕ್ಕೆ ಯಾರು ಕೈ ಚಾಚಿದರೂ ಮೇಷ್ಟ್ರ ಜೀವ ಬಾಯಿಗೆ ಬರುತ್ತಿತ್ತು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಟೀಚರ್ ಕೈ ಮುಟ್ಟಿ ಅತ್ತಾಗ ಪುಸ್ತಕ ಒಂದು ಬೆರಳಷ್ಟು ಜರುಗಿತು. ಮೇಷ್ಟ್ರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟರು.

*

ಇಬ್ಬರೂ ಗಣಿತ ಹೇಳುತ್ತಿದ್ದ ಶಾಲೆಯಲ್ಲಿ ಮೂವತ್ತೊಂದು ವರ್ಷ ಲಾಗ್ ಪಾಠ ಮಾಡಿದ್ದರಿಂದ ತೀರಿಹೋದ ಟೀಚರ್ ಲಾಗಮ್ಮ. ಬೋರ್ಡಿನ ಮೇಲೆ ವೃತ್ತ ಬರೆಯುವ ದೊಡ್ಡ ಮರದ ಕೈವಾರವನ್ನು ಸದಾ ಕಂಕುಳಲ್ಲಿ ಇರುಕಿಕೊಂಡು ಓಡಾಡುವುದರಿಂದ ಇವರು ಕೈವಾರ ಮೇಷ್ಟ್ರು. ಮಕ್ಕಳು ಇಟ್ಟ ಹೆಸರು ಸ್ಟಾಫ್ ರೂಮಿಗೂ ಬಂದು ಹಾಗೇ ಉಳಿದಿತ್ತು.

ರೇಖಾಗಣಿತದಲ್ಲಿ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ಆದರೆ ತಾವು ಓದುವಾಗ ಲಾಗ್ ಪಾಠ ನಡೆದ ಎರಡು ವಾರ ಕಾಮಾಲೆಯಾಗಿ ಮಲಗಿದ್ದರು. ಆಮೇಲೆ ಯಾರನ್ನೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿಟ್ಟರು, ಕಾಲೇಜಿನಲ್ಲಿ ಗೆಳೆಯನ ಪುಸ್ತಕ ನೋಡಿ ಬರೆದರು, ಹೇಗೋ ದಾಟಿಕೊಂಡು ಬಂದು ಮೇಷ್ಟ್ರೂ ಆದರು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಂಬತ್ತನೇ ತರಗತಿಯ ಬಿ ಸೆಕ್ಷನ್‌ಗೆ ಲಾಗ್ ಹೇಳಬೇಕಾಗಿ ಬಂದಾಗ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಹೇಳಿದರು.

ಆ ವರ್ಷದ ಪರೀಕ್ಷೆ ಮುಗಿದು, ಫಲಿತಾಂಶ ಹಾಕಿ ಆಗಿತ್ತು. ರಜೆಯ ಒಂದು ಮಧ್ಯಾಹ್ನ ಉತ್ತರ ಪತ್ರಿಕೆಗಳ ಕಟ್ಟು ಕಟ್ಟುತ್ತಿದ್ದ ಲಾಗಮ್ಮ ಒಂದನ್ನು ಹಿಡಿದುಕೊಂಡು ಬಂದರು.

"ಮೇಷ್ಟ್ರೇ, ಇಲ್ಲಿ ಸೊನ್ನೆ ಯಾಕೆ ಕೊಟ್ಟಿದ್ದೀರಿ?"

"ಉತ್ತರ ತಪ್ಪಲ್ವಾ ಟೀಚರ್? ಪಾಯಿಂಟ್ ಸೊನ್ನೆ ಎರಡರ ಲಾಗ್. ಮೈನಸ್ ಎರಡು ಪಾಯಿಂಟ್ ಮೂರು ಸೊನ್ನೆ ಒಂದು ಸೊನ್ನೆ ಬರಬೇಕು. ಇವನು ಮೈನಸ್ ಒಂದು ಪಾಯಿಂಟ್ ಆರು ಒಂಬತ್ತು ಒಂಬತ್ತು ಸೊನ್ನೆ ಅಂತ ಬರೆದಿದ್ದಾನೆ."

ಲಾಗಮ್ಮ ಅವರನ್ನು ಶಾಲೆಯ ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಪ್ರತಿ ವರ್ಷ ಮಕ್ಕಳಿಗೆ ಅವರು ಲಾಗ್ ಹೇಳಿಕೊಡುತ್ತಿದ್ದುದು ಆ ಮೆಟ್ಟಿಲ ಮೇಲೆ.

"ಪಾಠದ ಪುಸ್ತಕದಲ್ಲಿ ಏನಿದೆ? ಗೆರೆ ಎರಡು, ಪಾಯಿಂಟ್ ಮೂರು ಸೊನ್ನೆ ಒಂದು ಸೊನ್ನೆ. ಗೆರೆ ಅಂದ್ರೆ ಮೈನಸ್. ಅದು ಯಾರ ತಲೆ ಮೇಲಿದೆ?"

"ಎರಡರ ಮೇಲೆ."

"ಹಾಗಾದ್ರೆ ಎರಡು ಮೆಟ್ಟಿಲು ಕೆಳಗೆ." ಲಾಗಮ್ಮ ಸೀರೆ ಎತ್ತಿ ಹಿಡಿದು ಎರಡು ಮೆಟ್ಟಿಲು ಇಳಿದರು. "ಪಾಯಿಂಟ್ ಆದ್ಮೇಲೆ ಇರೋನ ತಲೆ ಮೇಲೆ ಗೆರೆ ಇದೆಯಾ?"

"ಇಲ್ಲ."

"ಅವನು ಯಾವತ್ತೂ ಮೇಲಕ್ಕೇ ಹತ್ತೋನು." ಒಂದು ಕಾಲನ್ನು ಎತ್ತಿ, ಮೆಟ್ಟಿಲಿನ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ ಹಿಡಿದರು. "ಈಗ ಹೇಳಿ, ನಾನು ಎರಡಕ್ಕಿಂತ ಕೆಳಗಿದ್ದೀನಾ, ಮೇಲಿದ್ದೀನಾ?"

ಗಾಳಿಯಲ್ಲಿ ನಿಂತ ಆ ಚಪ್ಪಲಿಯನ್ನು ನೋಡಿದಾಗ ಮೇಷ್ಟ್ರಿಗೆ ತಮ್ಮ ತಪ್ಪು ಹೊಳೆಯಿತು. ಗೆರೆ ಇಡೀ ಸಂಖ್ಯೆಯ ಮೇಲಿದೆ ಎಂದುಕೊಂಡು, ಹತ್ತಬೇಕಾದ ಕಡೆ ಇನ್ನಷ್ಟು ಇಳಿದಿದ್ದರು. ಹಾಗೇ ನಲವತ್ತು ಮಕ್ಕಳಿಗೂ ಹೇಳಿಕೊಟ್ಟಿದ್ದರು. ಅವರೆಲ್ಲ ಮೇಷ್ಟ್ರು ಹೇಳಿದಂತೆ ತಪ್ಪು ಬರೆದು ಪೂರ್ತಿ ಅಂಕ ಪಡೆದಿದ್ದರು. ಒಬ್ಬ ಮಾತ್ರ ಸರಿ ಬರೆದಿದ್ದ. ಎಡಹುಬ್ಬಿನ ಮೇಲೆ ಗಾಯದ ಗುರುತಿದ್ದ ಆ ಹುಡುಗ ಸದಾ ಹೊರಗೆ ನೋಡುತ್ತಿದ್ದುದರಿಂದ ಮೇಷ್ಟ್ರು ಅವನಿಗೆ ಕಿಟಕಿ ಎಂದು ಅಡ್ಡಹೆಸರು ಇಟ್ಟಿದ್ದರು. ಗಲಾಟೆ ಮಾಡಿದ್ದಕ್ಕೆ ಮೇಷ್ಟ್ರೇ ಅವನನ್ನು ಆ ವಾರವೆಲ್ಲ ಹೊರಗೆ ನಿಲ್ಲಿಸಿದ್ದರು. ಹೊರಗೆ ನಿಂತವನು ಲಾಗಮ್ಮ ಮೆಟ್ಟಿಲು ಹತ್ತಿಳಿಯುವುದನ್ನು ನೋಡಿ ಕಲಿತಿದ್ದ. ಆ ಪ್ರಶ್ನೆಗೆ ಎಂಟು ಅಂಕ. ಅವನು ಐದು ಅಂಕ ಕಡಿಮೆಯಾಗಿ ಫೇಲಾಗಿದ್ದ.

"ಟೀಚರ್, ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಮಗು ಹುಟ್ಟಿ ಇಪ್ಪತ್ತು ದಿನ. ನಿಮ್ಮ ಕಾಲಿಗೆ ಬೀಳ್ತೀನಿ."

ಲಾಗಮ್ಮ ಉತ್ತರ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ತಮ್ಮ ಕಂದು ರಟ್ಟಿನ ಲಾಗ್ ಪುಸ್ತಕದೊಳಗೆ ಇಟ್ಟರು.

"ಇನ್ಮೇಲೆ ಲಾಗ್ ಪಾಠ ನೀವು ಮುಟ್ಟಬೇಡಿ. ನಿಮ್ಮ ಸೆಕ್ಷನ್‌ಗೂ ನಾನೇ ಮಾಡ್ತೀನಿ, ನನ್ನ ರೇಖಾಗಣಿತ ನೀವು ತಗೊಳ್ಳಿ. ಇದನ್ನ ನಾನು ಹರಿದು ಹಾಕಲ್ಲ. ಯಾವತ್ತಾದ್ರೂ ನೀವೇ ಅವನ ಕೈಗೆ ಕೊಡಬೇಕು."

*

ಸಾವಿನ ಮನೆಯ ಜಗಲಿಯ ಕುರ್ಚಿಗಳಲ್ಲಿ ಶಾಲೆಯವರು ಸಾಲಾಗಿ ಕುಳಿತಿದ್ದರು. ಡ್ರಿಲ್ ಮೇಷ್ಟ್ರು ಕಣ್ಣೊರೆಸಿಕೊಂಡು ನಕ್ಕರು.

"ಮೊಣಕಾಲು ನೋವು ಅಂತ ಲಿಫ್ಟ್ ಇರೋ ಅಂಗಡೀಲಿ ಲಿಫ್ಟೇ ಬೇಕು ಆಯಮ್ಮಂಗೆ. ಲಾಗ್ ಪಾಠ ಬಂತು ಅಂದ್ರೆ ನೋಡಿ, ದಿನಕ್ಕೆ ಐವತ್ತು ಸಲ ಆ ಮೆಟ್ಟಿಲು ಹತ್ತೋದು ಇಳಿಯೋದು. 'ಟೀಚರ್, ನನ್ನ ಕೆಲಸ ಕಿತ್ಕೋಬೇಡಿ' ಅಂತಿದ್ದೆ."

"ಇನ್ನು ನಾಲ್ಕು ತಿಂಗಳಿಗೆ ರಿಟೈರ್ ಆಗ್ತಿದ್ರು," ಎಂದರು ಹೆಡ್ ಮಾಸ್ಟರ್. ಆಮೇಲೆ ತಿರುಗಿ, "ಕೈವಾರ ಮೇಷ್ಟ್ರೇ, ಲಾಗ್ ಪಾಠ ಅರ್ಧಕ್ಕೆ ನಿಂತಿದೆ. ನಾಳೆಯಿಂದ ಎರಡೂ ಸೆಕ್ಷನ್ ನೀವೇ ತಗೊಂಡುಬಿಡಿ. ನಾನೂ ಬಂದು ಹಿಂದೆ ಕೂತ್ಕೋತೀನಿ, ಮಕ್ಕಳು ಬೇಜಾರಲ್ಲಿರ್ತವೆ."

"ಆಗ್ಲಿ ಸರ್," ಎಂದರು ಮೇಷ್ಟ್ರು.

ಅಷ್ಟರಲ್ಲಿ ಶವ ಸಾಗಿಸುವ ವ್ಯಾನ್ ಬಂದು ನಿಂತಿತು. ಮಣ್ಣು ರಸ್ತೆಯಲ್ಲಿ ಓಡಿ ಬಂದದ್ದಕ್ಕೆ ಮೈಯೆಲ್ಲ ಧೂಳು. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆರೆದ. ಚಿಲಕ ಹಾಕಿ ಎಳೆದು ನೋಡಿದ, ಮತ್ತೆ ಒಂದು ಸಲ ಎಳೆದು ನೋಡಿದ, ಮತ್ತೆ ತೆರೆದ. ಎಡಗಡೆ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು.

ಆ ಗುರುತು ಕಂಡದ್ದೇ ಮೇಷ್ಟ್ರಿಗೆ ಅವನು ಯಾರೆಂದು ತಿಳಿಯಿತು. ಕುರ್ಚಿಯ ಹಿಂದೆ ಸರಿಯುವಷ್ಟರಲ್ಲಿ ಅವನು ನೋಡಿಬಿಟ್ಟಿದ್ದ.

"ಸರ್, ನಾನು ಕಿಟಕಿ. ಗುರುತು ಸಿಕ್ತಾ? ನೀವೇ ಇಟ್ಟ ಹೆಸರು."

"ಸಿಕ್ಕದೇ ಏನಪ್ಪಾ," ಎಂದರು ಮೇಷ್ಟ್ರು. ಧ್ವನಿ ತಮ್ಮದು ಎಂದು ಅವರಿಗೇ ಅನಿಸಲಿಲ್ಲ.

"ಇವತ್ತು ನನ್ನ ಪಾಳಿ ಅಲ್ಲ. ಟೀಚರ್ ಅಂತ ಗೊತ್ತಾಯ್ತು, ಬೇರೆಯವನ ಹತ್ರ ಕೇಳಿ ಬಂದೆ. ಅವರನ್ನ ನಾನೇ ಕರ್ಕೊಂಡು ಹೋಗ್ಬೇಕು."

ಶವವನ್ನು ಎತ್ತಿ ತಂದರು. ಪುಸ್ತಕ ಬೀಳದಂತೆ ಗಡಿಯಾರದವರು ಒಂದು ಕೈ ಅದರ ಮೇಲಿಟ್ಟುಕೊಂಡೇ ನಡೆದು, ಹಿಂದೆ ಹೆಂಡತಿಯ ಪಕ್ಕ ಹತ್ತಿ ಕುಳಿತರು. ಮಗಳೂ ಹತ್ತಿದಳು. "ಮೇಷ್ಟ್ರೇ, ನೀವು ಮುಂದೆ ಕೂತ್ಕೊಳ್ಳಿ, ದಾರಿ ತೋರಿಸೋಕೆ," ಎಂದು ಹೆಡ್ ಮಾಸ್ಟರ್ ಅವರನ್ನು ಡ್ರೈವರ್ ಪಕ್ಕಕ್ಕೆ ತಳ್ಳಿದರು. ದಾರಿ ಡ್ರೈವರ್‌ಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಬೇಕು? ಆದರೆ ವಾದ ಮಾಡುವ ತ್ರಾಣ ಮೇಷ್ಟ್ರಲ್ಲಿ ಇರಲಿಲ್ಲ.

ವ್ಯಾನ್ ಹೊರಟಿತು. ಕಿಟಕಿ ಹ್ಯಾಂಡ್ ಬ್ರೇಕ್ ಬಿಟ್ಟದ್ದನ್ನು ಎರಡು ಸಲ ಮುಟ್ಟಿ ನೋಡಿದ. ತಿರುವಿನಲ್ಲಿ ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ ನೋಡಿದ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು.

"ಎಲ್ಲಾರೂ ಬೈತಾರೆ ಸರ್. ನಿಧಾನ ಅಂತ. ಸತ್ತವರಿಗೇನು ಅರ್ಜೆಂಟು, ಅದಕ್ಕೇ ಈ ಗಾಡಿ ಒಪ್ಕೊಂಡೆ." ನಕ್ಕ. ಮೇಷ್ಟ್ರೂ ನಗಲು ನೋಡಿದರು.

"ಸ್ಕೂಲ್ ಬಿಟ್ಟು ನಾನು ಸೇರಿದ್ದ ಗ್ಯಾರೇಜಿಗೆ ಟೀಚರ್ ಎಂಟು ಭಾನುವಾರ ಬಂದ್ರು ಗೊತ್ತಾ? ವಾಪಸ್ ಬಾ, ನಾನು ಓದಿಸ್ತೀನಿ ಅಂತ. ಹೋಗ್ಲಿಲ್ಲ ನಾನು. 'ನಿನ್ನ ಪೇಪರಲ್ಲಿ ತಪ್ಪೇ ಇರ್ಲಿಲ್ಲ ಕಣೋ' ಅಂದ್ರು. ಫೇಲಾದವನಿಗೆ ಹಾಗೆ ಯಾರಾದ್ರೂ ಹೇಳ್ತಾರಾ? ಸಮಾಧಾನಕ್ಕೆ ಹೇಳ್ತಿದ್ದಾರೆ ಅಂದ್ಕೊಂಡೆ."

ಮೇಷ್ಟ್ರು ಹೊರಗೆ ನೋಡುತ್ತಿದ್ದರು. ಅಂಗಡಿಗಳು, ಬಸ್ ಸ್ಟಾಪು, ಬಟ್ಟೆ ಒಣಹಾಕಿದ ಬಾಲ್ಕನಿಗಳು ಒಂದೊಂದಾಗಿ ಹಿಂದೆ ಸರಿದವು.

"ಆ ಲೆಕ್ಕ ಮಾಡಿದಾಗ ನಂಗೆ ಎಷ್ಟು ಖುಷಿಯಾಗಿತ್ತು ಗೊತ್ತಾ ಸರ್? ಜೀವನದಲ್ಲಿ ಅದೊಂದು ಲೆಕ್ಕ ಸರಿಯಾಗೇ ಇದೆ ಅಂತ ಆಣೆ ಮಾಡಿ ಹೇಳ್ತಿದ್ದೆ. ಕ್ಲಾಸಲ್ಲಿ ಪೇಪರ್ ತೋರಿಸಿದಾಗ ನೋಡಿದ್ರೆ ಅದಕ್ಕೇ ಸೊನ್ನೆ. ಅವತ್ತಿಂದ ಏನಾಗಿದೆ ಅಂದ್ರೆ, ಯಾವುದಾದ್ರೂ ಸರಿ ಅಂತ ಅನ್ನಿಸಿದ ಕೂಡಲೇ ನಂಗೆ ಭಯ ಆಗುತ್ತೆ. ತಪ್ಪು ಅನ್ನಿಸಿದ್ರೆ ಪರವಾಗಿಲ್ಲ, ತಿದ್ಕೋತೀನಿ. ಸರಿ ಅನ್ನಿಸಿದ್ರೇ ಕೈ ನಡುಗುತ್ತೆ. ಮಗಳು ಒಂದನೇ ಕ್ಲಾಸು. ಕೂಡೋ ಲೆಕ್ಕ ತಗೊಂಡು ಬರ್ತಾಳೆ, ನಾನು ಎದ್ದು ಹೊರಗೆ ಹೋಗಿಬಿಡ್ತೀನಿ. ಅಪ್ಪನಿಗೆ ಐದೂ ಮೂರೂ ಎಷ್ಟು ಅಂತ ಗೊತ್ತಿಲ್ಲ ಅಂತ ಅಮ್ಮನ ಹತ್ರ ಹೇಳ್ತಾಳೆ."

ಹಿಂದೆ, ತೆಳುವಾದ ತಗಡಿನಾಚೆ, ಆ ಕಾಗದ ಮಲಗಿತ್ತು. "ಮುಂದೆ ಎಡಕ್ಕೆ," ಎಂದರು ಮೇಷ್ಟ್ರು.

*

ಹೋದ ಶುಕ್ರವಾರ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ಲಾಗಮ್ಮ ಆ ಪುಸ್ತಕದ ರಟ್ಟಿಗೆ ಗೋಂದು ಹಚ್ಚುತ್ತಾ ಕುಳಿತಿದ್ದರು.

"ನಾಲ್ಕು ತಿಂಗಳಿದೆ ಮೇಷ್ಟ್ರೇ. ಆಮೇಲೆ ನಿಮ್ಮ ಲಾಗ್ ಯಾರು ಮಾಡ್ತಾರೆ?"

"ಈ ವರ್ಷ ಖಂಡಿತ ಆ ಹುಡುಗನಿಗೆ ನಿಜ ಹೇಳ್ತೀನಿ ಟೀಚರ್. ಅವನು ಎಲ್ಲಿದ್ದಾನೋ ಹುಡುಕಿ..."

"ಹದಿನಾಲ್ಕು ಸಲ ಕೇಳಿದೆ ಈ ಮಾತು." ಅವರು ಸಿಟ್ಟಾಗಲಿಲ್ಲ. "ನಿಮ್ಮನ್ನೇ ಅಂದು ಏನು ಮಾಡ್ಲಿ? ಅವತ್ತು ನಾನು ಹೆಡ್ ಮಾಸ್ಟರ್ ರೂಮಿನ ಬಾಗಿಲವರೆಗೂ ಹೋಗಿ ವಾಪಸ್ ಬಂದೆ. ಲಾಗ್ ಪಾಠಕ್ಕೆ ಹೆಸರಾದೋಳು ನಾನು, ಪಕ್ಕದ ರೂಮಲ್ಲಿ ತಪ್ಪು ಹೇಳ್ತಿದ್ರೂ ಇವಳಿಗೆ ಗೊತ್ತಾಗ್ಲಿಲ್ಲ ಅಂತ ಜನ ಆಡ್ಕೋತಾರೆ ಅಂತ ಹೆದರಿಕೆ ಆಯ್ತು. ನಿಮ್ಮ ಮಗುನ ನೆಪ ಮಾಡ್ಕೊಂಡೆ. ಒಬ್ಬಳೇ ಮೆಟ್ಟಿಲು ಇಳಿಯೋವಾಗ ಈಗಲೂ ಆ ಹುಡುಗ ಮೂಲೇಲಿ ನಿಂತು ನೋಡ್ತಿದ್ದಾನೆ ಅನ್ಸುತ್ತೆ."

ಗೋಂದು ಒಣಗುವವರೆಗೆ ರಟ್ಟನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಈಗ ಹೊದಿಕೆಯ ಮೇಲೂ ಹಾಗೇ ಹಿಡಿದಿದ್ದಾರೆ.

*

ವಿದ್ಯುತ್ ಚಿತಾಗಾರದ ಒಳಗೆ ಬಿಸಿ ಗಾಳಿ ಹೊಡೆಯುತ್ತಿತ್ತು. ಕುಲುಮೆಯ ಕಬ್ಬಿಣದ ಬಾಗಿಲಿನ ಮುಂದೆ ಹಳಿಗಳ ಮೇಲೆ ತಟ್ಟೆ, ತಟ್ಟೆಯ ಮೇಲೆ ಲಾಗಮ್ಮ. ಅಲ್ಲಿನ ಕೆಲಸಗಾರ ಕೈಗವಸು ಹಾಕಿಕೊಂಡು ಬಂದ.

"ಬಳೆ, ಕನ್ನಡಕ ಏನಾದ್ರೂ ಇದ್ರೆ ತೆಗೀರಿ. ಪುಸ್ತಕ ಇರ್ಲಿ, ತೊಂದರೆ ಇಲ್ಲ. ನೋಡೋರು ನೋಡ್ಕೊಳ್ಳಿ, ಬಾಗಿಲು ತೆಗೀತೀನಿ."

ಜನ ಒಬ್ಬೊಬ್ಬರಾಗಿ ಬಂದು ಸರಿದರು. ಕಿಟಕಿ ಬಂದ, ಪಾದದ ಹತ್ತಿರ ನಿಂತ, ಹೋದ. ಮೇಷ್ಟ್ರು ಕೊನೆಯವರು. ಇನ್ನೊಂದು ನಿಮಿಷ. ಕೈ ಕಟ್ಟಿ ನಿಂತರೆ ಸಾಕು, ಏನೂ ಮಾಡಬೇಕಾಗಿಲ್ಲ. ಏನೂ ಮಾಡದೆ ಹದಿನಾಲ್ಕು ವರ್ಷ ಕಳೆದವರಿಗೆ ಒಂದು ನಿಮಿಷ ಯಾವ ಲೆಕ್ಕ? ಕಬ್ಬಿಣದ ಬಾಗಿಲು ಮೇಲೇರಿತು. ಒಳಗಿನ ಕೆಂಪು ಬೆಳಕು ಹೊದಿಕೆಯ ಮೇಲೆ, ಆ ಎರಡು ಕೈಗಳ ಮೇಲೆ ಬಿತ್ತು. ಐದೂ ಮೂರೂ ಎಷ್ಟು ಎಂದು ಗೊತ್ತಿಲ್ಲದ ಅಪ್ಪ ಮೇಷ್ಟ್ರಿಗೆ ನೆನಪಾದ. ನಾಳೆ ಬೆಳಿಗ್ಗೆ ಅದೇ ಮೆಟ್ಟಿಲಿನ ಮುಂದೆ ತಾವು ನಿಲ್ಲುವುದೂ ನೆನಪಾಯಿತು. ಬೆಂಕಿಗಿಂತ ಅದೇ ಹೆಚ್ಚು ಹೆದರಿಸಿತು.

"ತಡೀರಿ," ಎಂದರು. ಯಾರಿಗೂ ಕೇಳಿಸಲಿಲ್ಲ. "ತಡೀರಿ!"

ಮುಂದೆ ಹೋಗಿ ಪುಸ್ತಕಕ್ಕೆ ಕೈ ಹಾಕಿದರು.

"ಮೇಷ್ಟ್ರೇ! ಏನಿದು?" ಹೆಡ್ ಮಾಸ್ಟರ್ ಗದರಿದರು.

"ಇದರಲ್ಲಿ ಒಂದು ಕಾಗದ ಇದೆ. ಟೀಚರ್‌ದಲ್ಲ. ಬೇರೆಯವರದು."

ಸತ್ತವರ ಬೆರಳು ಬಿಗಿದಿತ್ತು. ಮೇಷ್ಟ್ರು ಎಳೆದರೂ ಪುಸ್ತಕ ಬರಲೇ ಇಲ್ಲ. ಆಗ ಗಡಿಯಾರದವರು ಎದ್ದು ಬಂದು ಬಗ್ಗಿ, ತಮ್ಮ ಕಸುಬಿನ ನಾಜೂಕಿನಿಂದ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪುಸ್ತಕ ತೆಗೆದು ಕೊಟ್ಟರು.

"ಅವಳು ನಂಗೆ ಹೇಳಿದ್ಲು. ನೀವು ಕೇಳ್ತೀರೋ ಇಲ್ವೋ ಅಂತ ನೋಡ್ತಿದ್ದೆ," ಎಂದರು, ಮೇಷ್ಟ್ರಿಗೆ ಮಾತ್ರ ಕೇಳುವಂತೆ.

ಹಳದಿಗಟ್ಟಿದ ಕಾಗದ ಹಾಳೆಗಳ ನಡುವೆ ಇತ್ತು. ಮೇಷ್ಟ್ರು ಅದನ್ನು ತೆಗೆದುಕೊಂಡು ಪುಸ್ತಕವನ್ನು ಮೊದಲಿನಂತೆ ಕೈಗಳ ನಡುವೆ ಇಟ್ಟರು. ತಟ್ಟೆ ಹಳಿಯ ಮೇಲೆ ಒಳಗೆ ಸರಿಯಿತು. ಬಾಗಿಲು ಕೆಳಗಿಳಿಯಿತು. ಮಗಳು ಅಪ್ಪನ ಹೆಗಲಿಗೆ ಮುಖ ಒತ್ತಿ ಅತ್ತಳು.

*

ವ್ಯಾನ್ ಹೊರಗೆ ಬಿಸಿಲಲ್ಲಿ ನಿಂತಿತ್ತು. ಕಿಟಕಿ ಒಳಗಿನ ತಗಡನ್ನು ಒರೆಸಿ ಮುಗಿಸಿ ಹಿಂದಿನ ಬಾಗಿಲಿನ ಒಂದು ಕದ ಮುಚ್ಚುತ್ತಿದ್ದ. ಮೇಷ್ಟ್ರು ಕಾಗದ ಚಾಚಿದರು. ಹಿಂದೆಯೇ ಹೆಡ್ ಮಾಸ್ಟರ್, ಡ್ರಿಲ್ ಮೇಷ್ಟ್ರು, ನಾಲ್ಕಾರು ಮಕ್ಕಳು ಬಂದು ನಿಂತದ್ದು ಅವರಿಗೆ ಬೆನ್ನಿನಲ್ಲೇ ತಿಳಿಯಿತು.

ಕಿಟಕಿ ಮಡಿಕೆ ಬಿಚ್ಚಿದ. ಮೇಲೆ ತನ್ನ ಹೆಸರು, ಕೆಳಗೆ ತನ್ನ ಅಕ್ಷರ, ಅದರ ಮೇಲೆ ಅಡ್ಡಲಾಗಿ ಎಳೆದ ಕೆಂಪು ಶಾಯಿ.

"ಇದು ನಂದೇ," ಎಂದ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದ. "ತಪ್ಪು ಎಲ್ಲಿ ಸರ್? ಅದೊಂದು ತೋರಿಸಿಬಿಡಿ."

ವ್ಯಾನಿನ ಮುಚ್ಚಿದ ಕದದ ಗಾಜಿನ ತುಂಬ ಧೂಳು ಕೂತಿತ್ತು. ಮೇಷ್ಟ್ರು ಬೋರ್ಡಿನ ಮುಂದೆ ನಿಂತಂತೆ ಅದರ ಮುಂದೆ ನಿಂತು ತೋರುಬೆರಳಿನಿಂದ ಎರಡು ಬರೆದರು. ಪಾಯಿಂಟ್ ಇಟ್ಟು ಮೂರು, ಸೊನ್ನೆ, ಒಂದು, ಸೊನ್ನೆ ಬರೆದರು. ಎರಡರ ಮೇಲೆ, ಎರಡರ ಮೇಲೆ ಮಾತ್ರ, ಗೆರೆ ಎಳೆದರು. ಕೆಳಗೆ ಮೈನಸ್ ಎರಡು, ಕೂಡಿಸು ಪಾಯಿಂಟ್ ಮೂರು ಸೊನ್ನೆ ಒಂದು ಸೊನ್ನೆ ಎಂದು ಬಿಡಿಸಿ ಬರೆದು, ಅದರ ಕೆಳಗೆ ಉತ್ತರ ಬರೆದರು. ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಬರೆದ ಲಾಗ್ ಅದು. ಮೈನಸ್ ಒಂದು ಪಾಯಿಂಟ್ ಆರು ಒಂಬತ್ತು ಒಂಬತ್ತು ಸೊನ್ನೆ.

"ನಿಂದು ಸರಿ ಇತ್ತು," ಎಂದರು. "ನಂಗೆ ಗೊತ್ತಿರ್ಲಿಲ್ಲ. ಇಡೀ ಕ್ಲಾಸಿಗೆ ತಪ್ಪು ಹೇಳ್ಕೊಟ್ಟೆ, ಸರಿ ಬರೆದವನನ್ನ ಫೇಲ್ ಮಾಡ್ದೆ. ಆಮೇಲೆ ಗೊತ್ತಾಯ್ತು. ಹೆದರಿ ಬಾಯಿ ಮುಚ್ಕೊಂಡೆ."

ಹೆಡ್ ಮಾಸ್ಟರ್ "ನಾಳೆ ನನ್ನ ರೂಮಿಗೆ ಬನ್ನಿ," ಎಂದಷ್ಟೇ ಅಂದು ಸರಿದರು.

ಕಿಟಕಿ ಮೇಷ್ಟ್ರ ಮುಖ ನೋಡಲಿಲ್ಲ. ಗಾಜನ್ನೇ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು, ಲೆಕ್ಕ ಮಾಡುತ್ತಿದ್ದ.

"ಹದಿನಾಲ್ಕು ವರ್ಷ ಸರ್," ಎಂದ.

ಮೇಷ್ಟ್ರು ತಲೆ ತಗ್ಗಿಸಿದರು. ಹೊಡೆಯಲಿ ಎಂದು ಕಾದರು. ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ, ಗಾಜನ್ನು ಒರೆಸಲಿಲ್ಲ. ಎರಡನೆಯ ಕದ ಮುಚ್ಚಿ ಚಿಲಕ ಹಾಕಿದ. ಒಮ್ಮೆ ಎಳೆದು ನೋಡಿದ. ಕೈ ಎರಡನೇ ಸಲ ಚಿಲಕದ ಕಡೆ ಹೋಯಿತು. ಅರ್ಧಕ್ಕೆ ನಿಂತಿತು. ಅಲ್ಲೇ ಗಾಳಿಯಲ್ಲಿ ಸ್ವಲ್ಪ ಹೊತ್ತು ಇತ್ತು.

ಆಮೇಲೆ ಅವನು ಕೈ ಇಳಿಸಿ, ತಿರುಗಿ ನೋಡದೆ ಮುಂದಕ್ಕೆ ಹೋಗಿ ಹತ್ತಿ ಕುಳಿತು ಗಾಡಿ ಚಾಲೂ ಮಾಡಿದ.